ಬೊರಿವಲಿ ಫ್ಲ್ಯಾಟಿನಲ್ಲಿ ಸನ್‌ಫಿಶ್ ಸಾಕಬಹುದೇ? ಅಕ್ವೇರಿಯಂಗೆ ತರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮುಂಬೈ: ಬೊರಿವಲಿ, ದಹಿಸರ್, ಕಾಂದಿವಲಿ ಭಾಗದ ಮನೆಗಳಲ್ಲಿ ಅಕ್ವೇರಿಯಂ ಹೊಸದೇನಲ್ಲ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅರೋವಾನ, ಫ್ಲ್ಯಾಟಿನ ಹಾಲ್‌ನಲ್ಲಿ ಗೋಲ್ಡ್‌ಫಿಶ್, ಮಕ್ಕಳ ಓದುವ ಮೇಜಿನ ಮೇಲೆ ಗಪ್ಪಿ, ಇವೆಲ್ಲ ನಿತ್ಯ ಕಾಣುವ ನೋಟ. ಕ್ರಾಫರ್ಡ್ ಮಾರ್ಕೆಟ್‌ನ ಸಾಕುಪ್ರಾಣಿ ಅಂಗಡಿಗಳು ಮತ್ತು ಕುರ್ಲಾದ ಭಾನುವಾರದ ಮೀನು ಸಂತೆ ಈ ಹವ್ಯಾಸಕ್ಕೆ ಹಳೆಯ ನೆಲೆಗಳು.

ಹೀಗೆ ಗೋಲ್ಡ್‌ಫಿಶ್‌ನಿಂದ ಶುರುಮಾಡಿದವರು ಒಂದೆರಡು ವರ್ಷದಲ್ಲಿ 'ಬೇರೆಯವರ ಮನೆಯಲ್ಲಿ ಇಲ್ಲದ್ದು' ಹುಡುಕತೊಡಗುತ್ತಾರೆ. ವಿದೇಶಿ ಯೂಟ್ಯೂಬ್ ವಿಡಿಯೊಗಳಲ್ಲಿ ಅವರಿಗೆ ಎದುರಾಗುವ ಮೀನುಗಳಲ್ಲಿ ಸನ್‌ಫಿಶ್ ಕೂಡ ಒಂದು. ನೀಲಿ ಗೆರೆಯ ಕೆನ್ನೆ, ಕಿತ್ತಳೆ ಬಣ್ಣದ ಹೊಟ್ಟೆ, ನೋಡುವವರನ್ನೇ ತಿರುಗಿ ನೋಡುವ ಕಣ್ಣು. ಇದನ್ನು ಮುಂಬೈನ ಫ್ಲ್ಯಾಟಿನಲ್ಲಿ ಸಾಕಬಹುದೇ? ಸಾಕಿದರೆ ಏನಾಗುತ್ತದೆ? ಸಾಕಲಾಗದಿದ್ದರೆ ಆ ಮೀನು ಎಲ್ಲಿಗೆ ಹೋಗುತ್ತದೆ? ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಬೊರಿವಲಿಯ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಅದರೊಳಗೆ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆಗಳಿವೆ.

ಸನ್‌ಫಿಶ್ ಎಂದರೆ ಯಾವುದು?

ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಮೀನುಗಳಿವೆ. ಗೊಂದಲ ಇಲ್ಲಿಂದಲೇ ಆರಂಭ.

ಮೊದಲನೆಯದು ಸಮುದ್ರದ ಸನ್‌ಫಿಶ್, ಅಂದರೆ ಮೋಲಾ. ಬಾಲವನ್ನು ಕತ್ತರಿಸಿದಂತೆ ಕಾಣುವ ಈ ದೈತ್ಯ ಮೀನು ಮೂಳೆಮೀನುಗಳ ಪೈಕಿ ಅತಿ ಭಾರದ್ದು. 2021ರಲ್ಲಿ ಅಟ್ಲಾಂಟಿಕ್‌ನ ಅಝೋರ್ಸ್ ದ್ವೀಪಗಳ ಬಳಿ ಸತ್ತು ತೇಲುತ್ತಿದ್ದ ಒಂದು ಮೋಲಾ 2,744 ಕೆ.ಜಿ. ತೂಗಿತ್ತು. ಇದನ್ನು ಮನೆಯಲ್ಲಿ ಸಾಕುವ ಮಾತೇ ಇಲ್ಲ. ಅಮೆರಿಕದ ಮಾಂಟೆರೆ, ಪೋರ್ಚುಗಲ್‌ನ ಲಿಸ್ಬನ್, ಜಪಾನಿನ ಒಸಾಕಾದಂಥ ಕೆಲವೇ ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳು ಇದನ್ನು ಇಟ್ಟು ಸಾಕಿವೆ. ಜಪಾನಿನ ಶಿಮೊನೊಸೆಕಿ ಅಕ್ವೇರಿಯಂ ದುರಸ್ತಿಗಾಗಿ ಮುಚ್ಚಿದಾಗ ಅಲ್ಲಿನ ಮೋಲಾ ಆಹಾರ ಬಿಟ್ಟಿತ್ತು. ಜನರ ಮುಖದ ಚಿತ್ರಗಳನ್ನು ಗಾಜಿಗೆ ಅಂಟಿಸಿದ ಮೇಲೆ ಚೇತರಿಸಿಕೊಂಡಿತು ಎಂಬ ಸುದ್ದಿ 2025ರ ಜನವರಿಯಲ್ಲಿ ಜಗತ್ತಿನಾದ್ಯಂತ ಹರಿದಾಡಿತ್ತು.

ಎರಡನೆಯದು ಸಿಹಿನೀರಿನ ಸನ್‌ಫಿಶ್. ಹವ್ಯಾಸಿಗಳು ಮಾತನಾಡುವುದು ಇದರ ಬಗ್ಗೆ. ಇದು ಸೆಂಟ್ರಾರ್ಕಿಡೇ ಎಂಬ ಕುಟುಂಬಕ್ಕೆ ಸೇರಿದ್ದು, ತವರು ಉತ್ತರ ಅಮೆರಿಕ. ಈ ಕುಟುಂಬದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಗಾಳ ಹಾಕುವವರಿಗೆ ಪ್ರಿಯವಾದ ಲಾರ್ಜ್‌ಮೌತ್ ಬಾಸ್ ಕೂಡ ಇದೇ ಮನೆತನದ್ದು. ಅಕ್ವೇರಿಯಂ ಲೆಕ್ಕದಲ್ಲಿ ಇವನ್ನು ಎರಡು ಗುಂಪಾಗಿ ನೋಡಬಹುದು.

• ದೊಡ್ಡವು: ಬ್ಲೂಗಿಲ್, ಪಂಪ್ಕಿನ್‌ಸೀಡ್ ಇತ್ಯಾದಿ. ಸಾಮಾನ್ಯವಾಗಿ 15ರಿಂದ 20 ಸೆಂ.ಮೀ. ಬೆಳೆಯುತ್ತವೆ. ಬ್ಲೂಗಿಲ್ ಅನುಕೂಲ ಸಿಕ್ಕರೆ ಇನ್ನೂ ದೊಡ್ಡದಾಗುತ್ತದೆ.

• ಚಿಕ್ಕವು: ಬ್ಲೂಸ್ಪಾಟೆಡ್ ಸನ್‌ಫಿಶ್, ಬ್ಲ್ಯಾಕ್‌ಬ್ಯಾಂಡೆಡ್ ಸನ್‌ಫಿಶ್. ಹೆಚ್ಚೆಂದರೆ 10 ಸೆಂ.ಮೀ. ಒಳಗೇ ನಿಲ್ಲುತ್ತವೆ. ಬ್ಲ್ಯಾಕ್‌ಬ್ಯಾಂಡೆಡ್ ಮೀನಿನ ಮೈಮೇಲೆ ಏಂಜೆಲ್‌ಫಿಶ್‌ನಂತೆ ಕಪ್ಪು ಪಟ್ಟಿಗಳಿರುತ್ತವೆ.

'ಪಿಗ್ಮಿ ಸನ್‌ಫಿಶ್' ಎಂಬ ಮೂರು-ನಾಲ್ಕು ಸೆಂ.ಮೀ. ಮೀನೂ ಇದೆ. ಹೆಸರು ಒಂದೇ ಆದರೂ ಅದು ಎಲಾಸೋಮಾ ಎಂಬ ಬೇರೆ ಗುಂಪಿನದು.

ಹವ್ಯಾಸಿಗಳಿಗೆ ಇದರ ಮೇಲೇಕೆ ಮೋಹ?

ಬಣ್ಣ ಒಂದು ಕಾರಣ, ಸ್ವಭಾವ ಇನ್ನೊಂದು. ಸನ್‌ಫಿಶ್‌ಗಳು ತಮಗೆ ಊಟ ಹಾಕುವವರನ್ನು ಬೇಗ ಗುರುತು ಹಿಡಿಯುತ್ತವೆ, ಗಾಜಿನ ಬಳಿ ಬಂದು ಕಾಯುತ್ತವೆ.

ಮರಿ ಮಾಡುವ ಕಾಲದಲ್ಲಂತೂ ಇವುಗಳ ವರ್ತನೆಯೇ ಒಂದು ನಾಟಕ. ಗಂಡು ಮೀನು ಬಾಲದಿಂದ ಮರಳನ್ನು ಗುಡಿಸಿ ತಟ್ಟೆಯಾಕಾರದ ಗುಂಡಿ ಮಾಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಆ ಬಳಿಕ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುವುದು, ಹತ್ತಿರ ಬಂದವರನ್ನು ಓಡಿಸುವುದು, ಮರಿ ಹೊರಬರುವವರೆಗೆ ಕಾವಲು ಕಾಯುವುದು ಎಲ್ಲವೂ ಅಪ್ಪನ ಕೆಲಸ. ಬ್ಲೂಗಿಲ್‌ಗಳಲ್ಲಿ ಕೆಲವು ಚಿಕ್ಕ ಗಂಡುಗಳು ಹೆಣ್ಣಿನಂತೆ ವೇಷ ಹಾಕಿ, ಇನ್ನೊಬ್ಬನ ಗೂಡಿಗೆ ನುಸುಳಿ ತಮ್ಮ ಸಂತಾನವನ್ನು ಅಲ್ಲಿ ಸೇರಿಸಿಬಿಡುತ್ತವೆ. ಪ್ರಾಣಿ ವರ್ತನೆಯ ಅಧ್ಯಯನದಲ್ಲಿ ಇದು ಬಹಳ ಚರ್ಚೆಯಾದ ವಿಷಯ.

ಆದರೆ ಈ ಕಾವಲುಗಾರಿಕೆಯೇ ಗಾಜಿನ ತೊಟ್ಟಿಯಲ್ಲಿ ತೊಂದರೆ ತರುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಒಂದು ಗಂಡು ಅರ್ಧ ಜಾಗವನ್ನು 'ನನ್ನದು' ಎಂದು ಹಿಡಿದುಕೊಂಡರೆ ಉಳಿದವುಗಳಿಗೆ ಓಡಲು ಜಾಗವಿರುವುದಿಲ್ಲ. ಹರಿದ ರೆಕ್ಕೆ, ಮೂಲೆ ಸೇರಿದ ಹೆಣ್ಣು, ಆಹಾರ ಬಿಟ್ಟ ಮೀನು, ಕೊನೆಗೆ ಸಾವು. ಬಾಯಲ್ಲಿ ಹಿಡಿಸುವ ಗಾತ್ರದ ಗಪ್ಪಿ, ಟೆಟ್ರಾಗಳ ಜತೆ ದೊಡ್ಡ ಸನ್‌ಫಿಶ್ ಬಿಟ್ಟರೆ ಬೆಳಗಾಗುವುದರೊಳಗೆ ಲೆಕ್ಕ ಕಡಿಮೆಯಾಗಿರುತ್ತದೆ.

ಮುಂಬೈ ಸೆಕೆಗೆ ಹೊಂದುತ್ತದೆಯೇ?

ಅಮೆರಿಕ, ಯುರೋಪ್‌ಗಳಲ್ಲಿ ಸನ್‌ಫಿಶ್ ಸಾಕುವವರಿಗೆ ಹೀಟರ್ ಬೇಕಿಲ್ಲ. ಇದನ್ನೇ ನೋಡಿ 'ಇದು ಸುಲಭದ ಮೀನು' ಎಂದುಕೊಂಡರೆ ಮುಂಬೈನಲ್ಲಿ ಲೆಕ್ಕ ತಪ್ಪುತ್ತದೆ. ಇಲ್ಲಿ ಬೇಕಾಗುವುದು ನೀರನ್ನು ತಣ್ಣಗಾಗಿಸುವ ವ್ಯವಸ್ಥೆ.

ಏಪ್ರಿಲ್-ಮೇ ತಿಂಗಳಲ್ಲೂ ಮಳೆ ನಿಂತ ಮೇಲಿನ ಅಕ್ಟೋಬರ್ ಸೆಕೆಯಲ್ಲೂ ಎಸಿ ಇಲ್ಲದ ಕೋಣೆಯ ತೊಟ್ಟಿಯ ನೀರು 30 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬರುವಷ್ಟರಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟ ಏರುತ್ತದೆ. ಖರ್ಚು ಹೆಚ್ಚು, ಆದಾಯ ಕಡಿಮೆ ಎಂಬ ಸ್ಥಿತಿ.

ಮುಖ್ಯವಾದ ತೊಡಕು ಇರುವುದು ಇಲ್ಲೇ. ಫ್ಲ್ಯಾಟಿಗೆ ಹೊಂದುವ ಗಾತ್ರದ ಬ್ಲೂಸ್ಪಾಟೆಡ್, ಬ್ಲ್ಯಾಕ್‌ಬ್ಯಾಂಡೆಡ್ ಸನ್‌ಫಿಶ್‌ಗಳು ತಂಪು ನೀರಿನವು. ವರ್ಷದ ಒಂದು ಭಾಗವಾದರೂ ಚಳಿ ಇದ್ದರೆ ಮಾತ್ರ ಅವು ಆರೋಗ್ಯವಾಗಿದ್ದು ಮರಿ ಮಾಡುತ್ತವೆ. ಮುಂಬೈ ಸೆಕೆಯನ್ನು ತಾಳಿಕೊಳ್ಳಬಲ್ಲದ್ದು ಬ್ಲೂಗಿಲ್‌. ಆದರೆ ಅದು ಫ್ಲ್ಯಾಟಿಗೆ ದೊಡ್ಡದು. ಜತೆಗೆ ಹೊರಗಿನ ಕೆರೆಗೆ ಬಿದ್ದರೆ ಬದುಕಿ ಬೆಳೆಯುವ ಶಕ್ತಿ ಇರುವುದೂ ಅದಕ್ಕೇ. ಅಂದರೆ ಮನೆಗೆ ಹೊಂದುವ ಮೀನಿಗೆ ಊರು ಹೊಂದುವುದಿಲ್ಲ, ಊರಿಗೆ ಹೊಂದುವ ಮೀನು ಮನೆಗೂ ಹೊಂದುವುದಿಲ್ಲ, ಊರಿನ ಕೆರೆಗೂ ಒಳ್ಳೆಯದಲ್ಲ.

ಚಿಲ್ಲರ್ ಹಾಕಿದರಾಯಿತಲ್ಲ ಎನ್ನಬಹುದು. 200 ವ್ಯಾಟ್‌ನ ಚಿಲ್ಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಅರವತ್ತು ಯೂನಿಟ್ ವಿದ್ಯುತ್. ಅದು ಎಳೆದ ಬಿಸಿಯನ್ನೆಲ್ಲ ಮತ್ತೆ ಅದೇ ಕೋಣೆಗೆ ಬಿಡುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ನೀರು ಆವಿಯಾಗಿ ಎರಡು-ಮೂರು ಡಿಗ್ರಿ ತಂಪಾಗುತ್ತದೆ ಎಂಬುದು ನಿಜ. ಆದರೆ ಗಾಳಿಯಲ್ಲಿ ತೇವ ತುಂಬಿರುವ ಜೂನ್-ಜುಲೈನಲ್ಲಿ ಈ ಉಪಾಯ ಅಷ್ಟಾಗಿ ಫಲಿಸುವುದಿಲ್ಲ.

ತೊಟ್ಟಿಯ ಗಾತ್ರ, ಭಾರ, ನೀರು

ಯಾವ ಮೀನೇ ಇರಲಿ, ದೊಡ್ಡ ಅಕ್ವೇರಿಯಂ ಇಡುವ ಮುನ್ನ ಲೆಕ್ಕ ಹಾಕಬೇಕಾದ ಕೆಲವು ವಿಷಯಗಳಿವೆ.

ಭಾರ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 220 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಗಾಜು, ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 300 ಕೆ.ಜಿ. ಆಸುಪಾಸು. ನಾಲ್ಕೈದು ಜನ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತಂತೆ. ಹಳೆಯ ಕಟ್ಟಡಗಳಲ್ಲಿ ಇದನ್ನು ಕೋಣೆಯ ಮಧ್ಯದಲ್ಲಾಗಲಿ ಬಾಲ್ಕನಿಯಲ್ಲಾಗಲಿ ಇಡಬಾರದು. ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡುವುದು ಸುರಕ್ಷಿತ. ತೊಟ್ಟಿ ಸೋರಿದರೆ ಕೆಳಗಿನ ಮನೆಯವರ ಸೀಲಿಂಗ್‌ಗೂ ಹಾನಿ, ಸೊಸೈಟಿಯಲ್ಲಿ ಜಗಳವೂ ಖಚಿತ.

ನೀರು: ಮುಂಬೈಗೆ ನೀರು ಬರುವುದು ತುಳಸಿ, ವಿಹಾರ್, ತಾನಸಾ, ಮೋಡಕ್ ಸಾಗರ್, ಭಾತಸಾ, ಮೇಲಿನ ವೈತರಣಾ, ಮಧ್ಯ ವೈತರಣಾ ಎಂಬ ಏಳು ಜಲಾಶಯಗಳಿಂದ. ಪಾಲಿಕೆ ಇದನ್ನು ಶುದ್ಧೀಕರಿಸಿ ಕ್ಲೋರಿನ್ ಸೇರಿಸಿ ಬಿಡುತ್ತದೆ. ನಮಗೆ ಸುರಕ್ಷಿತವಾದ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಅಂಗಡಿಗಳಲ್ಲಿ 'ಆಂಟಿ ಕ್ಲೋರಿನ್' ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಅದನ್ನು ತಟಸ್ಥಗೊಳಿಸುತ್ತದೆ. ಟ್ಯಾಂಕರ್ ನೀರು, ಬೋರ್‌ವೆಲ್ ನೀರು ಬಳಸುವ ಸೊಸೈಟಿಗಳಲ್ಲಿ ನೀರಿನ ಗಡಸುತನವೂ ಬೇರೆಯಿರುತ್ತದೆ. ಆದ್ದರಿಂದ ಪರೀಕ್ಷಾ ಕಿಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಸೈಕ್ಲಿಂಗ್: ಹೊಸ ತೊಟ್ಟಿಯಲ್ಲಿ ಮೀನು ಸಾಯಲು ಬಹುಮುಖ್ಯ ಕಾರಣ ಅವಸರ. ಮೀನಿನ ವಿಸರ್ಜನೆಯಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ಮೊದಲಿನ ಎರಡೂ ವಿಷ, ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತೊಟ್ಟಿ ತಂದು ಸಂಜೆ ಮೀನು ಬಿಟ್ಟರೆ ಅವು ಬದುಕುವುದು ಅದೃಷ್ಟದ ಮೇಲೆ. ಬಿಸಿ ನೀರಿನಲ್ಲಿ ಅಮೋನಿಯಾದ ವಿಷ ಇನ್ನಷ್ಟು ತೀವ್ರ.

ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯುವುದು ಅನೇಕರು ಮಾಡುವ ತಪ್ಪು. ಕ್ಲೋರಿನ್ ತಗುಲಿ ಬ್ಯಾಕ್ಟೀರಿಯಾ ಸತ್ತು, ತೊಟ್ಟಿ ಮತ್ತೆ ಮೊದಲ ದಿನದ ಸ್ಥಿತಿಗೆ ಮರಳುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜು ಹಿಂಡಬೇಕು. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿದರೆ ಸಾಕು, ಪೂರ್ತಿ ಖಾಲಿ ಮಾಡುವುದು ಬೇಡ.

ಹೊಟ್ಟೆಗೆ ಏನು?

ಸನ್‌ಫಿಶ್ ಮಾಂಸಾಹಾರಿ. ತವರಿನಲ್ಲಿ ಕೀಟ, ಲಾರ್ವಾ, ಸಿಗಡಿ, ಚಿಕ್ಕ ಮೀನು ತಿನ್ನುತ್ತದೆ. ಪಂಪ್ಕಿನ್‌ಸೀಡ್‌ಗೆ ಗಂಟಲಲ್ಲಿರುವ ಗಟ್ಟಿ ಹಲ್ಲುಗಳಿಂದ ಬಸವನಹುಳುವಿನ ಚಿಪ್ಪು ಒಡೆಯುವುದೂ ಗೊತ್ತು. ಅಂಗಡಿಯ ಬಣ್ಣಬಣ್ಣದ ಕಾಳನ್ನು ಚಿಕ್ಕ ಪ್ರಭೇದಗಳು ಬಹಳ ಸಲ ಮೂಸಿಯೂ ನೋಡುವುದಿಲ್ಲ. ಅವಕ್ಕೆ ಜೀವಂತ ಅಥವಾ ಶೀತಲೀಕರಿಸಿದ ಆಹಾರವೇ ಬೇಕು.

ಮುಂಬೈ ಅಂಗಡಿಗಳಲ್ಲಿ ಜೀವಂತ ಟ್ಯುಬಿಫೆಕ್ಸ್ ಹುಳು ಸುಲಭವಾಗಿ ಸಿಗುತ್ತದೆ. ಇದು ಕೊಳಕು ನೀರಿನಲ್ಲಿ ಬೆಳೆಯುವ ಹುಳು, ರೋಗವನ್ನೂ ಜತೆಗೆ ತರಬಹುದು. ಶೀತಲೀಕರಿಸಿದ ಬ್ಲಡ್‌ವರ್ಮ್, ಆರ್ಟೀಮಿಯಾ ಅದಕ್ಕಿಂತ ಸುರಕ್ಷಿತ. ಸೊಳ್ಳೆ ಮರಿಯನ್ನು ಬಾಲ್ಕನಿಯ ಬಕೆಟ್ಟಿನಲ್ಲಿ ಬೆಳೆಸುವ ಉಪಾಯವನ್ನು ಕೆಲ ವಿದೇಶಿ ವಿಡಿಯೊಗಳು ಹೇಳುತ್ತವೆ. ಡೆಂಗ್ಯೂ, ಮಲೇರಿಯಾ ಕಾಡುವ ಮುಂಬೈನಲ್ಲಿ ಇದು ಅಪಾಯ. ಸೊಳ್ಳೆ ಬೆಳೆಯುವ ತಾಣ ಕಂಡರೆ ಪಾಲಿಕೆ ನೋಟಿಸ್ ಕೊಟ್ಟು ಕ್ರಮ ಕೈಗೊಳ್ಳುತ್ತದೆ.

15 ಮೀನು ಜಪಾನನ್ನು ಆವರಿಸಿದ ಕಥೆ

ಸನ್‌ಫಿಶ್ ಬಗ್ಗೆ ಮಾತನಾಡುವಾಗ ಜಪಾನಿನ ಕಥೆ ಬಿಟ್ಟರೆ ಮಾತು ಅಪೂರ್ಣ.

1960ರಲ್ಲಿ ಆಗಿನ ಯುವರಾಜ ಅಕಿಹಿತೊ ಅಮೆರಿಕ ಪ್ರವಾಸ ಹೋಗಿದ್ದರು. ಷಿಕಾಗೊ ನಗರದ ಮೇಯರ್ ಅವರಿಗೆ ಬ್ಲೂಗಿಲ್ ಮೀನುಗಳನ್ನು ಉಡುಗೊರೆಯಾಗಿ ಕೊಟ್ಟರು. ಅಕಿಹಿತೊ ಸ್ವತಃ ಮೀನುಗಳ ಸಂಶೋಧಕರು, ಗೋಬಿ ಜಾತಿಯ ಮೀನುಗಳ ಮೇಲೆ ವೈಜ್ಞಾನಿಕ ಪ್ರಬಂಧಗಳನ್ನು ಬರೆದವರು. ಆಹಾರಕ್ಕಾಗಿ ಬೆಳೆಸಬಹುದು ಎಂಬ ಆಸೆಯಿಂದ ಅವರು ಮೀನುಗಳನ್ನು ಸರ್ಕಾರದ ಮೀನುಗಾರಿಕಾ ಸಂಶೋಧನಾ ವಿಭಾಗಕ್ಕೆ ಒಪ್ಪಿಸಿದರು.

ಅಲ್ಲಿಂದ ಅವು ಕೆರೆ, ನದಿಗಳಿಗೆ ಹರಡಿದವು. ಜಪಾನಿನ ಅತಿದೊಡ್ಡ ಸರೋವರವಾದ ಬೀವಾದಲ್ಲಿ ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳನ್ನು ತಿಂದು ಮೀನುಗಾರರ ಬದುಕಿಗೇ ಕುತ್ತು ತಂದವು. ನಂತರ ನಡೆದ ವಂಶವಾಹಿ ಅಧ್ಯಯನದಲ್ಲಿ ಇನ್ನೊಂದು ಅಚ್ಚರಿ ಹೊರಬಿತ್ತು. ಜಪಾನಿನ ಬ್ಲೂಗಿಲ್‌ಗಳೆಲ್ಲ ಅಮೆರಿಕದ ಅಯೋವಾ ರಾಜ್ಯದ ಗಟೆನ್‌ಬರ್ಗ್ ಎಂಬಲ್ಲಿಂದ ಬಂದ ಆ 15 ಮೀನುಗಳ ಸಂತತಿ.

2007ರಲ್ಲಿ ಬೀವಾ ಸರೋವರದ ದಂಡೆಯ ಒತ್ಸು ನಗರದಲ್ಲಿ ನಡೆದ ಸಮಾರಂಭದಲ್ಲಿ, ಆ ಹೊತ್ತಿಗೆ ಚಕ್ರವರ್ತಿಯಾಗಿದ್ದ ಅಕಿಹಿತೊ ಈ ಮೀನನ್ನು ತಾವೇ ತಂದದ್ದೆಂದು ನೆನೆದು ಬಹಿರಂಗವಾಗಿ ನೋವು ತೋಡಿಕೊಂಡರು. ಅದಕ್ಕೂ ಎರಡು ವರ್ಷ ಮೊದಲೇ, 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಜಪಾನ್ ಬ್ಲೂಗಿಲ್ ಸಾಕುವುದನ್ನೂ ಸಾಗಿಸುವುದನ್ನೂ ಬಿಡುವುದನ್ನೂ ನಿಷೇಧಿಸಿತ್ತು. ಐರೋಪ್ಯ ಒಕ್ಕೂಟ 2019ರಲ್ಲಿ ಪಂಪ್ಕಿನ್‌ಸೀಡ್ ಅನ್ನು ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಈಗ ಅದರ ಆಮದು, ಮಾರಾಟ, ಸಾಕಣೆ ಎಲ್ಲಕ್ಕೂ ತಡೆಯಿದೆ.

ಒಬ್ಬ ಮೀನು ತಜ್ಞ, ಒಂದು ಸರ್ಕಾರ, ಒಳ್ಳೆಯ ಉದ್ದೇಶ ಎಲ್ಲವೂ ಇದ್ದಾಗಲೇ ಹೀಗಾಯಿತು ಎಂಬುದು ಇಲ್ಲಿನ ಪಾಠ.

ಬೊರಿವಲಿಗೆ ಇದರಿಂದ ಏನು?

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿ.ಮೀ. ವಿಸ್ತಾರದ್ದು. ಚಿರತೆ, ಕಾನ್ಹೇರಿ ಗುಹೆಗಳಿಂದಾಗಿ ಇದು ಎಲ್ಲರಿಗೂ ಗೊತ್ತು. ಆದರೆ 1860ರಲ್ಲಿ ಪೂರ್ಣಗೊಂಡ ವಿಹಾರ್ ಮತ್ತು 1879ರ ತುಳಸಿ ಕೆರೆಗಳೂ ಇದೇ ಹಸಿರು ಪ್ರದೇಶದ ಭಾಗ. ಎರಡರಿಂದಲೂ ಇಂದಿಗೂ ನಗರಕ್ಕೆ ನೀರು ಬರುತ್ತದೆ, ಎರಡರಲ್ಲೂ ಮೊಸಳೆಗಳಿವೆ. ತುಳಸಿ ಕೆರೆಯ ಬಳಿ ಹುಟ್ಟುವ ದಹಿಸರ್ ನದಿ ಉದ್ಯಾನದೊಳಗೆ ತಿಳಿಯಾಗಿ ಹರಿದು, ಬೊರಿವಲಿ-ದಹಿಸರ್ ಬಡಾವಣೆಗಳ ನಡುವೆ ಕೊಳಕಾಗಿ, ಮನೋರಿ ಖಾರಿ ಸೇರುತ್ತದೆ.

ಮನೆ ಬದಲಿಸುವಾಗ, ಮೀನು ತೊಟ್ಟಿಗಿಂತ ದೊಡ್ಡದಾದಾಗ, ಮಕ್ಕಳಿಗೆ ಬೇಸರ ಬಂದಾಗ ಜನ ಮಾಡುವುದೇನು? ಕೊಲ್ಲಲು ಮನಸ್ಸು ಬರುವುದಿಲ್ಲ. ಹತ್ತಿರದ ಕೆರೆಗೋ ನದಿಗೋ ಬಿಟ್ಟು ಬರುತ್ತಾರೆ. ಜೀವ ಉಳಿಸಿದ ಪುಣ್ಯ ಬಂತು ಎಂಬ ಸಮಾಧಾನ ಬೇರೆ. ಶಿಶಿಲ, ಶೃಂಗೇರಿಗಳಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದ ಕರಾವಳಿ, ಮಲೆನಾಡಿನ ಜನರಿಗೆ ಈ ಭಾವನೆ ಅರ್ಥವಾಗದ್ದಲ್ಲ. ಆದರೆ ಅಲ್ಲಿನ ದೇವರ ಮೀನುಗಳು ಆ ಹೊಳೆಯಲ್ಲೇ ಹುಟ್ಟಿದವು. ಹೊರಗಿನ ಮೀನನ್ನು ಹೊಳೆಗೆ ಬಿಡುವುದು ಒಂದು ಜೀವವನ್ನು ಉಳಿಸಿ ನೂರಾರು ಜೀವಗಳ ಅನ್ನ ಕಸಿಯುವ ಕೆಲಸ.

ಭಾರತಕ್ಕೆ ಇದರ ಅನುಭವ ಸಾಕಷ್ಟು ಆಗಿದೆ.

• 1952ರಲ್ಲಿ ತಂದ ಮೊಸಾಂಬಿಕ್ ಟಿಲಾಪಿಯಾ ಇಂದು ದೇಶದ ಬಹುಪಾಲು ಕೆರೆಗಳಲ್ಲಿದೆ.

• ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ್ದರೂ ಅದು ಇನ್ನೂ ನಿರ್ಮೂಲವಾಗಿಲ್ಲ.

• ಗಾಜಿನ ಪಾಚಿ ತಿನ್ನಲೆಂದು ಕೊಳ್ಳುವ ಸಕರ್ ಮೀನು ಒಂದೂವರೆ ಅಡಿ ಬೆಳೆದು, ಹೊರಗೆ ಬಿಟ್ಟ ಮೇಲೆ ಹಲವು ರಾಜ್ಯಗಳ ಕೆರೆ-ನದಿಗಳಲ್ಲಿ ಬಲೆ ಹರಿಯುವ ಪೀಡೆಯಾಗಿದೆ.

• 2018ರ ಕೇರಳ ಪ್ರವಾಹದ ನಂತರ ಮೀನುಗಾರರ ಬಲೆಗೆ ಅರಪೈಮಾ, ಅಲಿಗೇಟರ್ ಗಾರ್‌ನಂಥ ದೈತ್ಯ ಮೀನುಗಳು ಬಿದ್ದಿದ್ದವು.

• 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲೂ ಅಲಿಗೇಟರ್ ಗಾರ್ ಪತ್ತೆಯಾಯಿತು.

ಕೇರಳದ ಉದಾಹರಣೆ ಮುಂಬೈಗೆ ನೇರವಾಗಿ ಅನ್ವಯಿಸುತ್ತದೆ. ಯಾರೂ ಬೇಕೆಂದು ಬಿಡದಿದ್ದರೂ ತೆರೆದ ಕೊಳ, ಟೆರೇಸ್ ತೊಟ್ಟಿ, ಬಂಗಲೆಯ ತೋಟದ ಹೊಂಡಗಳಿಂದ ಪ್ರವಾಹದ ನೀರೇ ಮೀನನ್ನು ಕೊಂಡೊಯ್ಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಊರು ಇದು.

ಕಾನೂನು ಏನು ಹೇಳುತ್ತದೆ?

ವಿದೇಶಿ ಅಲಂಕಾರಿಕ ಮೀನನ್ನು ಭಾರತಕ್ಕೆ ತರಲು ಕೇಂದ್ರ ಸರ್ಕಾರದ ಆಮದು ಪರವಾನಗಿ ಬೇಕು, ಬಂದ ಮೇಲೆ ಕ್ವಾರಂಟೈನ್‌ನಲ್ಲಿಡಬೇಕು. ಸೂಟ್‌ಕೇಸಿನಲ್ಲಿ ಚೀಲ ಕಟ್ಟಿ ತರುವುದು ಕಾನೂನುಬಾಹಿರ. ಆದ್ದರಿಂದ ಯಾರಾದರೂ ಸನ್‌ಫಿಶ್ ಎಂದು ಮಾರಲು ಬಂದರೆ ಮೊದಲು ಕೇಳಬೇಕಾದ್ದು ಬಿಲ್ ಮತ್ತು ಮೂಲ. 'ಕಸ್ಟಮ್ಸ್‌ನಲ್ಲಿ ನಮ್ಮ ಜನ ಇದ್ದಾರೆ' ಎಂಬುದು ಉತ್ತರವಲ್ಲ.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಪ್ರಸರಣವನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ರಾಷ್ಟ್ರೀಯ ಉದ್ಯಾನದೊಳಗೆ ವನ್ಯಜೀವಿಗಳ ಆವಾಸಕ್ಕೆ ಹಾನಿ ಮಾಡುವುದು ಇದೇ ಕಾಯ್ದೆಯ ಸೆಕ್ಷನ್ 35ರಡಿ ನಿಷಿದ್ಧ.

ಸನ್‌ಫಿಶ್ ಬೇಡ ಎಂದರೆ ಇನ್ಯಾವುದು?

ದುಂಡನೆಯ ಚಪ್ಪಟೆ ದೇಹ, ಹಳದಿ-ಕಿತ್ತಳೆ ಬಣ್ಣ, ಮರಿ ಕಾಯುವ ಸ್ವಭಾವ. ಸನ್‌ಫಿಶ್‌ನಲ್ಲಿ ಜನ ಮೆಚ್ಚುವ ಈ ಮೂರೂ ಗುಣಗಳಿರುವ ಮೀನು ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದೆ. ಅದರ ಹೆಸರು ಆರೆಂಜ್ ಕ್ರೋಮೈಡ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರು, ಕೆರೆಗಳಲ್ಲಿ ಬದುಕುವ ಇದು ಸುಮಾರು 8 ಸೆಂ.ಮೀ. ಬೆಳೆಯುತ್ತದೆ. ಮುಂಬೈನ ಬೆಚ್ಚನೆಯ ನೀರು ಇದಕ್ಕೆ ತವರಿನ ನೀರಿದ್ದಂತೆ, ಚಿಲ್ಲರ್ ಬೇಕಿಲ್ಲ.

ಇದರ ಸಂಸಾರವೂ ಸನ್‌ಫಿಶ್‌ಗಿಂತ ಸ್ವಾರಸ್ಯಕರ. ಇಲ್ಲಿ ಅಪ್ಪ-ಅಮ್ಮ ಇಬ್ಬರೂ ಮರಿ ಕಾಯುತ್ತಾರೆ. ಮರಿಗಳು ತಂದೆ-ತಾಯಿಯ ಮೈಮೇಲಿನ ಲೋಳೆಯನ್ನು ಕಚ್ಚಿ ತಿನ್ನುತ್ತವೆ. ಕೇರಳದವರು ಕರಿಮೀನ್ ಎಂದು ಕರೆಯುವ ಪರ್ಲ್‌ಸ್ಪಾಟ್ ಇದರ ದೊಡ್ಡ ನೆಂಟ. ಆರೆಂಜ್ ಕ್ರೋಮೈಡ್‌ಗಳು ಆ ನೆಂಟನ ಮೈ ಶುಚಿ ಮಾಡುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಇದೇ ಬಳಗದಲ್ಲಿ ಕನ್ನಡ ನೆಲದ್ದೇ ಆದ ಮೀನೊಂದಿದೆ. ಅದರ ಹೆಸರು ಕೆನರಾ ಪರ್ಲ್‌ಸ್ಪಾಟ್. ಕರ್ನಾಟಕದ ಕರಾವಳಿಯ ನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಸಹಜವಾಗಿ ಕಾಣಸಿಗುವುದಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಂಚಿನಲ್ಲಿದೆ. ಊರಿನ ಮೀನೆಂಬ ಪ್ರೀತಿಗೆ ಹೊಳೆಯಿಂದ ಹಿಡಿದದ್ದನ್ನು ಕೊಂಡರೆ ಅಳಿವಿಗೆ ನಾವೇ ಕೈಜೋಡಿಸಿದಂತೆ.

'ಮಿಸ್ ಕೇರಳ' ಎಂದು ಹೆಸರಾದ ಡೆನಿಸನ್ ಬಾರ್ಬ್ ವಿಷಯದಲ್ಲೂ ಎಚ್ಚರ ಬೇಕು. ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಈ ಸುಂದರ ಮೀನನ್ನು 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ಗೆ ಸೇರಿಸಲಾಗಿದೆ. ಹುಲಿ, ಆನೆಗಳಿರುವ ಪಟ್ಟಿ ಅದು.

ಸಣ್ಣ ತೊಟ್ಟಿಗೆ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಜೀಬ್ರಾ ಡೇನಿಯೋ, ಹನಿ ಗೌರಾಮಿ, ರೋಸಿ ಬಾರ್ಬ್ ಒಳ್ಳೆಯ ಆಯ್ಕೆ. ಇವೆಲ್ಲ ಭಾರತದವೇ. ಆದರೆ ಭಾರತದ್ದು ಎಂಬ ಕಾರಣಕ್ಕೆ ದಹಿಸರ್ ನದಿಗೆ ಬಿಡಬಹುದು ಎಂದಲ್ಲ. ಬಂಗಾಳದ ಮೀನು ಬೊರಿವಲಿಯ ಹೊಳೆಗೆ ಪರದೇಶಿಯೇ, ಜತೆಗೆ ಅಂಗಡಿಯ ರೋಗಗಳನ್ನೂ ಹೊತ್ತೊಯ್ಯುತ್ತದೆ.

ಈಗಾಗಲೇ ಇರುವ ಮೀನನ್ನು ಸಾಕಲಾಗದಿದ್ದರೆ?

• ಕೊಂಡ ಅಂಗಡಿಗೇ ಮರಳಿಸಬಹುದೇ ಎಂದು ಕೇಳಿ. ಅನೇಕ ಅಂಗಡಿಗಳು ಹಣ ಕೊಡದಿದ್ದರೂ ಮೀನನ್ನು ತೆಗೆದುಕೊಳ್ಳುತ್ತವೆ.

• ದೊಡ್ಡ ತೊಟ್ಟಿ ಇರುವ ಹವ್ಯಾಸಿಗಳಿಗೆ ಕೊಡಿ. ಮೀನಿನ ಹೆಸರು, ವಯಸ್ಸು, ಆಹಾರದ ಅಭ್ಯಾಸ ತಿಳಿಸಿ.

• ಸಾರ್ವಜನಿಕ ಅಕ್ವೇರಿಯಂ ತೆಗೆದುಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಅಕ್ವೇರಿಯಂ ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿತು, ಆಮೇಲೆ ಕಟ್ಟಡವೇ ಅಸುರಕ್ಷಿತ ಎಂದಾಯಿತು.

• ಗುಣವಾಗದ ರೋಗವಿದ್ದರೆ ನೋವಿಲ್ಲದ ಅಂತ್ಯದ ಬಗ್ಗೆ ಪಶುವೈದ್ಯರ ಸಲಹೆ ಪಡೆಯಿರಿ. ಜೀವಂತ ಮೀನನ್ನು ಟಾಯ್ಲೆಟ್ಟಿನಲ್ಲಿ ಫ್ಲಶ್ ಮಾಡುವುದು ಕ್ರೌರ್ಯ. ಸತ್ತ ಮೀನನ್ನೂ ಗಟಾರಕ್ಕೆ ಎಸೆಯಬೇಡಿ.

• ತೊಟ್ಟಿಯ ನೀರು, ಗಿಡ, ಬಸವನಹುಳುಗಳನ್ನೂ ನದಿ-ಕೆರೆಗೆ ಸುರಿಯಬೇಡಿ. ತೆಗೆದ ನೀರನ್ನು ಕುಂಡದ ಗಿಡಗಳಿಗೆ ಹಾಕಿ, ಅದರಲ್ಲಿರುವ ನೈಟ್ರೇಟ್ ಒಳ್ಳೆಯ ಗೊಬ್ಬರ.

ಕೊಳ್ಳುವ ಮುನ್ನ ಐದು ಪ್ರಶ್ನೆಗಳು

1. ಈ ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದವಾಗುತ್ತದೆ? ಅಂಗಡಿಯಲ್ಲಿರುವುದು ಮರಿ ಮಾತ್ರ.

2. ಮೇ ತಿಂಗಳ ಮಧ್ಯಾಹ್ನ ಮನೆಯ ನೀರಿನ ಉಷ್ಣತೆ ಎಷ್ಟಿರುತ್ತದೆ? ಥರ್ಮಾಮೀಟರ್ ಇಟ್ಟು ನೋಡಿದ್ದೀರಾ?

3. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಇದೆಯೇ? ಗಣೇಶ ಹಬ್ಬಕ್ಕೆ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು?

4. ಮೀನು ಎಲ್ಲಿಂದ ಬಂದದ್ದು? ಸಾಕಣೆ ಕೇಂದ್ರದ್ದೇ, ಹೊಳೆಯಲ್ಲಿ ಹಿಡಿದದ್ದೇ, ಬಿಲ್ ಇದೆಯೇ?

5. ಐದಾರು ವರ್ಷ ಇದನ್ನು ನೋಡಿಕೊಳ್ಳುವ ಮನಸ್ಸಿದೆಯೇ?

ಐದಕ್ಕೂ ಉತ್ತರ ಸಿದ್ಧವಿದ್ದರೆ ಆರೆಂಜ್ ಕ್ರೋಮೈಡ್‌ನಂಥ ನಮ್ಮ ನೀರಿನ ಮೀನಿನೊಂದಿಗೆ ಧೈರ್ಯವಾಗಿ ಆರಂಭಿಸಬಹುದು. ಒಂದಕ್ಕಾದರೂ ಉತ್ತರ ಸಿಗದಿದ್ದರೆ ತೊಟ್ಟಿಯನ್ನು ಇನ್ನೂ ಕೆಲವು ವಾರ ಖಾಲಿ ನೀರಿನಲ್ಲೇ ಓಡಿಸುವುದು ಲೇಸು. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಹೇಗೂ ಅಷ್ಟು ಸಮಯ ಬೇಕು.